ಹಲ್ಲಪ್ಪ ಪ್ರೊಫೆಸರರಿಗೆ ಕಾಗದ ಬರೆದದ್ದು

ಆ ಊರಿನಲ್ಲಿ ಬಾಯ್ತುಂಬ ನಗುವವರ ಪೈಕಿ ಅರ್ಧ ಜನರ ಗುಟ್ಟು ಒಬ್ಬನೇ ಮನುಷ್ಯನ ಕೈಯಲ್ಲಿತ್ತು. ಅವನು ರಾಜನಲ್ಲ, ಗೂಢಚಾರನೂ ಅಲ್ಲ. ದಂತವೈದ್ಯರೊಬ್ಬರ ಕಟ್ಟಡದ ನೆಲಮಾಳಿಗೆಯಲ್ಲಿ ಕೂತು ಹಲ್ಲು ಕಟ್ಟುವವನು. ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಸರ್ಕಾರಿ ಕಾಗದಗಳಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು. ಬೀದಿಯವರಿಗೆ, ಅಂಗಡಿಯವರಿಗೆ, ಕೊನೆಕೊನೆಗೆ ಹೆಂಡತಿಯ ಕಡೆಯವರಿಗೂ ಅವನು ಹಲ್ಲಪ್ಪ.

ಮೇಲಿನ ಮಹಡಿಯಲ್ಲಿ ಡಾಕ್ಟರು ರೋಗಿಯ ಬಾಯಿಗೆ ಮೆತ್ತನೆಯ ಮುದ್ದೆಯೊಂದನ್ನು ಒತ್ತಿ ಅಚ್ಚು ತೆಗೆಯುತ್ತಿದ್ದರು. ರೋಗಿ ಕರವಸ್ತ್ರದಲ್ಲಿ ತುಟಿ ಒರೆಸಿಕೊಂಡು ಮನೆಗೆ ಹೋಗುತ್ತಿದ್ದ. ಅಚ್ಚು ಮಾತ್ರ ಹದಿನಾಲ್ಕು ಮೆಟ್ಟಿಲು ಇಳಿದು ಹಲ್ಲಪ್ಪನ ಮೇಜಿಗೆ ಬರುತ್ತಿತ್ತು. ಅದರೊಳಗೆ ಅವನು ಪ್ಲಾಸ್ಟರ್ ಸುರಿದು ಒಣಗಿಸಿದರೆ ಬಿಳಿಯ ದವಡೆಯೊಂದು ಹುಟ್ಟುತ್ತಿತ್ತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ದವಡೆಗಳು, ಪ್ರತಿಯೊಂದರ ತಳದಲ್ಲೂ ಪೆನ್ಸಿಲ್‌ನಲ್ಲಿ ಬರೆದ ಹೆಸರು. ಬ್ಯಾಂಕಿನ ಮ್ಯಾನೇಜರು, ಎರಡು ಸಲ ಸೋತ ಪುರಸಭಾ ಸದಸ್ಯರು, ಶಾಲೆಯಲ್ಲಿ ಇವನಿಗೆ ಬೆತ್ತದ ರುಚಿ ತೋರಿಸಿದ್ದ ಗಣಿತದ ಮೇಷ್ಟ್ರು, ಎಲ್ಲರೂ ಅಲ್ಲಿ ಸಾಲಾಗಿ ಬಾಯಿ ಬಿಟ್ಟುಕೊಂಡು ಅವನ ಅಪ್ಪಣೆಗೆ ಕಾಯುತ್ತಿದ್ದರು. ಇಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಇದ್ದದ್ದು ಒಂದೇ ಕಿಟಕಿ. ಅದರಿಂದ ದಾರಿಹೋಕರ ಪಾದರಕ್ಷೆಗಳು ಮಾತ್ರ ಕಾಣುತ್ತಿದ್ದವು. ಮೇಲೆ ಪಾದ, ಒಳಗೆ ಹಲ್ಲು. ನಡುವಿನ ಮನುಷ್ಯರನ್ನು ಹಲ್ಲಪ್ಪ ಊಹಿಸಿಕೊಳ್ಳಬೇಕಿತ್ತು.

ತಂದೆ ತೀರಿಕೊಂಡ ವರ್ಷ, ಹದಿನಾರಕ್ಕೆ, ಶಾಲೆಯ ಚೀಲವನ್ನು ಗೂಟಕ್ಕೆ ನೇತುಹಾಕಿ ಅವನು ಈ ಮೆಟ್ಟಿಲು ಇಳಿದಿದ್ದ. ಕೆಲಸ ಕಲಿಸಿದವರು ಮೇಸ್ತ್ರಿ. ಬೆರಳುಗಳು ಗಡ್ಡೆಯಂತಿದ್ದರೂ ಕೂದಲಿನಷ್ಟು ಸಂದನ್ನು ಮುಟ್ಟಿಯೇ ಹೇಳುವ ಮನುಷ್ಯ. ಮೊದಲ ದಿನವೇ ಒಂದು ದವಡೆಯನ್ನು ಹುಡುಗನ ಅಂಗೈಗೆ ಇಟ್ಟು, "ಕಣ್ಣು ಮುಚ್ಕೋ. ಹೆಬ್ಬೆರಳು ಆಡಿಸು. ಈಗ ಹೇಳು, ಇವನು ಯಾರು?" ಎಂದಿದ್ದರು.

"ನಂಗೇನ್ ಗೊತ್ತು ಮೇಸ್ತ್ರಿ?"

"ಎಡಗಡೆ ಸವೆದಿದೆ, ಅಂದ್ರೆ ಬಲಗಡೆ ನೋವಿತ್ತು, ವರ್ಷಗಟ್ಲೆ ಯಾರಿಗೂ ಹೇಳಿಲ್ಲ. ಮುಂದಿನ ಹಲ್ಲಲ್ಲಿ ಸಣ್ಣ ಕಚ್ಚು ನೋಡು. ದಾರ ಕಡಿಯೋ ಬಾಯಿ, ದರ್ಜಿ. ಹೆಸರು ಆಮೇಲೆ ಕೇಳು. ಮೊದ್ಲು ಮನುಷ್ಯನ್ನ ತಿಳ್ಕೊ."

ಅಂದಿನಿಂದ ಆ ನೆಲಮಾಳಿಗೆಯಲ್ಲಿ ಅದೇ ಪದ್ಧತಿ. ಅಲ್ಲಿ ಯಾರನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ. 'ನಿದ್ದೇಲಿ ಕಡಿಯೋರು', 'ಪೆನ್ನು ಕಚ್ಚೋರು', 'ಒಂಟಿ ದವಡೆ ಅಜ್ಜಿ'. ನಿನ್ನ ಬಾಯಿ ನನಗೆ ಗೊತ್ತು ಎನ್ನುವುದಕ್ಕಿಂತ ದೊಡ್ಡ ಮರ್ಯಾದೆಯ ಮಾತು ಆ ಕೋಣೆಯಲ್ಲಿ ಇರಲಿಲ್ಲ. ಇನ್ನೊಂದು ಪದ್ಧತಿಯೂ ಇತ್ತು. ಪಿಂಗಾಣಿ ಹಲ್ಲನ್ನು ಯಂತ್ರಕ್ಕೆ ಹಿಡಿದು ಉಜ್ಜಿ, ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಗಲ್ಲಕ್ಕೆ ಜಾರಿಸಿ, ಹಲ್ಲನ್ನು ಕಣ್ಣಿನ ಹತ್ತಿರ ತಂದು ಉಫ್ ಎಂದು ಊದುವುದು. ಪುಡಿ ಹಾರಿದರೆ ತಾನೇ ಅಂಚು ಕಾಣುವುದು? ಊದಿದ ಮೇಲೆ ಉಸಿರು ಎಳೆದುಕೊಳ್ಳಲೇಬೇಕು. ದಿನಕ್ಕೆ ನೂರು ಸಲ ಉಫ್, ನೂರು ಸಲ ಉಸಿರು.

ಪುಡಿಯ ಡಬ್ಬಿಯ ಮೇಲೆ 'ಧೂಳನ್ನು ಉಸಿರಾಡಬೇಡಿ' ಎಂದು ಅಚ್ಚಾಗಿತ್ತು. ಕಿಟಕಿಯೇ ಪಾದದೆತ್ತರದಲ್ಲಿರುವ ಕೋಣೆಯಲ್ಲಿ ಧೂಳು ಬಿಟ್ಟು ಇನ್ನೇನನ್ನು ಉಸಿರಾಡಬೇಕು ಎಂಬುದನ್ನು ಅಚ್ಚು ಹಾಕಿದವರು ಹೇಳಿರಲಿಲ್ಲ.

ಮೇಸ್ತ್ರಿಗೆ ಅರವತ್ತರ ಹೊತ್ತಿಗೆ ಕೆಮ್ಮು ಹತ್ತಿತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಮಾತಾಡುವಾಗ, ಕೊನೆಗೆ ಸುಮ್ಮನೆ ಕೂತಾಗಲೂ. ಆಸ್ಪತ್ರೆಯ ಹಾಸಿಗೆಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದ ಮುದುಕ ಹಲ್ಲಪ್ಪನ ಕೈ ಹಿಡಿದು ಕೇಳಿದ್ದು ಒಂದೇ ಮಾತು. "ಲೋ, ಆ ಪುಡಿಯಲ್ಲಿ ಏನಿದೆಯೋ? ಮೂವತ್ತೈದು ವರ್ಷ ಕೈಯಾಡಿಸ್ದೆ. ಏನಂತ ಗೊತ್ತಿಲ್ದೇನೇ ಹೋಗ್ತಿದೀನಲ್ಲೋ."

ಹಲ್ಲಪ್ಪನಿಗೂ ಗೊತ್ತಿರಲಿಲ್ಲ. ಉತ್ತರ ಸಿಗದೆಯೇ ಮೇಸ್ತ್ರಿ ಹೋದರು. ಮಣ್ಣು ಮಾಡಿ ಬಂದ ಮಾರನೆಯ ದಿನ ಹಲ್ಲಪ್ಪ ಅವರ ಸ್ಟೂಲಿನ ಮೇಲೆ ತಾನು ಕೂತ. ಒಂದು ಹಲ್ಲು ಉಜ್ಜಿದ. ಊದಲು ಹೋದವನು ಹಾಗೆಯೇ ಬಾಯಿ ಮುಂದೆ ಮಾಡಿಕೊಂಡು ಕೂತುಬಿಟ್ಟ. ಅವನಿಗೂ ಬೆಳಿಗ್ಗೆ ಎದ್ದೊಡನೆ ಒಂದಿಷ್ಟು ಕೆಮ್ಮು ಬರುತ್ತಿತ್ತು. ಅದನ್ನು ಅವನು 'ಗಂಟಲು ಸರಿ ಮಾಡ್ಕೊಳ್ಳೋದು' ಎನ್ನುತ್ತಿದ್ದ. ಬಚ್ಚಲಮನೆಯ ಬಾಗಿಲಾಚೆ ಹೆಂಡತಿ ಕೈಯಲ್ಲಿ ಪೊರಕೆ ಹಿಡಿದು, ಗುಡಿಸುವುದನ್ನು ನಿಲ್ಲಿಸಿ, ಆ ಗಂಟಲು ಸರಿಯಾಗುವವರೆಗೆ ಕೇಳುತ್ತ ನಿಲ್ಲುತ್ತಿದ್ದಳು.

ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ, ಸಂಜೆಯ ಚಹಾದ ಹೊತ್ತಿಗೆ, ಹಲ್ಲಪ್ಪ ತನ್ನ ಘೋಷಣೆ ಹೊರಡಿಸಿದ. "ನಾನು ಕಾಲೇಜಿಗೆ ಸೇರ್ತೀನಿ."

ಹೆಂಡತಿ ಬಸ್ ನಿಲ್ದಾಣದ ಟಿಕೆಟ್ ಕಿಂಡಿಯಲ್ಲಿ ಕೂರುವವಳು. ದಿನವಿಡೀ ಹುಚ್ಚುಚ್ಚು ಪ್ರಶ್ನೆ ಕೇಳಿ ಪಳಗಿದ ಕಿವಿ ಅವಳದು. "ಯಾವ ಕಾಲೇಜಿಗೆ? ಗೇಟ್ ಕಾಯೋಕಾ?"

"ಓದೋಕೆ ಕಣೇ. ಆ ಪುಡಿ ವಿಷಯ ಓದೋಕೆ."

"ರೀ, ಮಗಳು ಓದು ಮುಗಿಸಿ ಕೆಲ್ಸಕ್ಕೆ ಸೇರಿದಾಳೆ. ನೀವೀಗ ಬೆನ್ನಿಗೆ ಚೀಲ ಹಾಕ್ಕೊಂಡು ಹೊರಟ್ರೆ ಊಟದ ಡಬ್ಬಿ ಕಟ್ಟಿ, ತಲೆ ಬಾಚಿ ಕಳಿಸ್ಲಾ? ಬಾಚೋಕೆ ತಲೇಲಿ ಏನಿದೆ ಅಂತ?"

ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಮಾತ್ರ ನಗಲಿಲ್ಲ. ತನ್ನ ಲ್ಯಾಪ್‌ಟಾಪ್ ತೆರೆದು ಹುಡುಕಿದಳು. ಶಾಲೆಯ ಕೊನೆಯ ಪರೀಕ್ಷೆ ಬರೆಯದವರಿಗೂ ಒಂದು ದಾರಿಯಿತ್ತು. ವಯಸ್ಸು ಮೂವತ್ತು ದಾಟಿರಬೇಕು, ಕಸುಬಿನ ಅನುಭವ ಇರಬೇಕು, ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು 'ಇವರು ನನ್ನ ವಿಭಾಗದಲ್ಲಿ ಓದಲು ತಕ್ಕವರು' ಎಂದು ನಮೂನೆಯ ಮೇಲೆ ಸಹಿ ಹಾಕಿಕೊಡಬೇಕು. ತಿಂಗಳ ಕೊನೆಯ ದಿನದೊಳಗೆ.

"ಒಂದು ಸಹಿ ತಾನೇ?" ಎಂದ ಹಲ್ಲಪ್ಪ.

ಒಂದು ಸಹಿಗಾಗಿ ಹಿಂದಿನ ಕಾಲದ ವೀರರು ಸಮುದ್ರ ದಾಟಿದ್ದರೋ ಇಲ್ಲವೋ ತಿಳಿಯದು. ಹಲ್ಲಪ್ಪ ಊಟದ ಮೇಜಿನ ಮುಂದೆ ಎರಡು ಬೆರಳುಗಳನ್ನು ಆಯುಧ ಮಾಡಿಕೊಂಡು ಯುದ್ಧಕ್ಕೆ ಕೂತ. ಅವನು ಜೀವಮಾನದಲ್ಲಿ ಬರೆದದ್ದೆಂದರೆ ಡಾಕ್ಟರಿಗೆ ಕಳಿಸುವ ಕೆಲಸದ ಚೀಟಿಗಳು. ಆದ್ದರಿಂದ ಮೊದಲ ಕಾಗದ ಹೀಗಿತ್ತು: 'ವ್ಯಕ್ತಿ: ಒಬ್ಬ. ವಯಸ್ಸು: ನಲವತ್ತಾರು. ಬೇಕಾದದ್ದು: ಕಾಲೇಜು ಸೀಟು. ಯಾವಾಗ ಬೇಕು: ಈ ತಿಂಗಳೊಳಗೆ. ವಿಶೇಷ ಸೂಚನೆ: ಇಲ್ಲ.' ಇದನ್ನು ಅವನು ಒಂಬತ್ತು ಪ್ರೊಫೆಸರರಿಗೆ ಕಳಿಸಿದ. ಎಂಟು ಜನ ಮೌನ ತಾಳಿದರು. ಒಂಬತ್ತನೆಯವರಿಂದ ಅರೆನಿಮಿಷದಲ್ಲಿ ಉತ್ತರ ಬಂತು: 'ನಾನು ರಜೆಯಲ್ಲಿದ್ದೇನೆ. ಸಂಪರ್ಕಿಸಿದ್ದಕ್ಕೆ ಧನ್ಯವಾದ.' ಎಂಥ ಸಜ್ಜನರು ಎಂದು ಹಲ್ಲಪ್ಪ ಕರಗಿಹೋದ. 'ಮೈ ಹುಷಾರಾಗಿದೆ ತಾನೇ ಸರ್?' ಎಂದು ಬರೆದ. ಮತ್ತೆ ಅದೇ ಧನ್ಯವಾದ. ನಾಲ್ಕನೆಯ ಸಲ ಕುಶಲ ವಿಚಾರಿಸುತ್ತಿದ್ದಾಗ ಮಗಳು ನೋಡಿದಳು.

"ಅಪ್ಪ, ಅದು ಮನುಷ್ಯರಲ್ಲ. ಯಂತ್ರ ತಾನಾಗೇ ಕಳಿಸ್ತಾ ಇದೆ."

"ಯಂತ್ರಕ್ಕಿರೋ ಮರ್ಯಾದೆ ಮಿಕ್ಕ ಎಂಟು ಜನಕ್ಕಿಲ್ವಲ್ಲೇ!"

"ನೀನು ಬರೆದಿರೋದು ಹಾಗಿದೆಯಪ್ಪ. ಪ್ರೊಫೆಸರ್‌ಗೆ ಬರೀಬೇಕಾದ್ರೆ ಅವರು ಏನು ಕೆಲಸ ಮಾಡ್ತಾರೆ ಅಂತ ಮೊದ್ಲು ಓದ್ಬೇಕು. ಬೇರೆ ಎಲ್ಲರನ್ನೂ ಬಿಟ್ಟು ಅವರಿಗೇ ಯಾಕೆ ಬರೀತಿದೀಯ ಅಂತ ಹೇಳ್ಬೇಕು. ನಿಂಗೂ ಅವರಿಗೂ ಏನು ನಂಟು ಅಂತ ಗೊತ್ತಾಗ್ಬೇಕು. ಆಗ ಓದ್ತಾರೆ."

ಈ ಉಪದೇಶ ಹಲ್ಲಪ್ಪನ ಮನಸ್ಸಿನಲ್ಲಿ ಕಲ್ಲಿನ ಮೇಲೆ ಕೊರೆದ ಹಾಗೆ ಕೂತಿತು. ಕೂತದ್ದೇ ಎಡವಟ್ಟಾಯಿತು.

ಹುಡುಕುತ್ತ ಹೋದಾಗ ಒಬ್ಬರು ಸಿಕ್ಕರು. ಕೆಲಸದ ಜಾಗಗಳ ಸಣ್ಣ ಧೂಳು ಶ್ವಾಸಕೋಶದಲ್ಲಿ ಹೇಗೆ ಕೂರುತ್ತದೆ ಎಂಬುದೇ ಅವರ ಇಪ್ಪತ್ತು ವರ್ಷದ ಕೆಲಸ. ಅವರ ಲೇಖನವೊಂದನ್ನು ಅಪ್ಪ ಮಗಳು ಸೇರಿ ಹನ್ನೆರಡು ಸಂಜೆ ಓದಿದರು. ಹಲ್ಲಪ್ಪನಿಗೆ ಮೂರು ಸಾಲಿಗೆ ಒಂದು ಅರ್ಥವಾಗುತ್ತಿತ್ತು. ಆದರೆ ಅದರಲ್ಲೊಂದು ಚಿತ್ರವಿತ್ತು. ಸೂಕ್ಷ್ಮದರ್ಶಕದ ಅಡಿಯಲ್ಲಿ ಪಿಂಗಾಣಿಯ ಧೂಳು, ಒಡೆದ ಗಾಜಿನ ಚೂರುಗಳ ಹಾಗೆ. ಅವನು ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ಮೇಸ್ತ್ರಿಯ ಎದೆಯೊಳಗಿದ್ದದ್ದು ಇದು.

ಭಾನುವಾರ ಬೆಳಿಗ್ಗೆ ಮಗಳು ಕೆಲಸಕ್ಕೆ ಹೋಗಿದ್ದಾಗ ಅವನು ಆ ಪ್ರೊಫೆಸರ್ ಮೇಡಂ ಅವರ ಪುಟ ತೆರೆದ. ಬಲಗಡೆ ಅವರ ಫೋಟೋ. ಐವತ್ತರ ಆಸುಪಾಸಿನ ಹೆಂಗಸು, ತುಸುವೇ ತುಟಿ ಬಿಟ್ಟು ನಗುತ್ತಿದ್ದಾರೆ. ಹಲ್ಲಪ್ಪ ಕುರ್ಚಿಯಿಂದ ಅರ್ಧ ಎದ್ದ. ಫೋಟೋ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಕೊನೆಗೆ ತೆರೆಯ ತುಂಬ ಬಾಯಿಯೊಂದೇ ಉಳಿಯಿತು.

"ರೀ, ಯಾರ್ದೋ ಹೆಂಗಸಿನ ಬಾಯಿ ನೋಡ್ತಾ ಕೂತಿದೀರಲ್ಲ, ಏನ್ರೀ ಇದು?" ಎಂದಳು ಹೆಂಡತಿ ಅಡುಗೆಮನೆಯಿಂದ ಬಂದು.

"ನಂದು ಕಣೇ!"

"ಏನು ನಿಮ್ದು?"

"ಮುಂದಿನ ನಾಲ್ಕೂ! ಆರು ವರ್ಷದ ಹಿಂದೆ ನಾನೇ ಮಾಡಿದ್ದು. ಎರಡನೇದು ನೋಡು, ಒಂಚೂರು ಓರೆ. 'ಮೊದಲಿದ್ದ ಹಾಗೇ ಇರಲಿ, ಹೊಸದು ಅನ್ನಿಸಬಾರದು' ಅಂತ ಚೀಟೀಲಿ ಬಂದಿತ್ತು. ಮೂರು ಸಲ ಕಿತ್ತು ಕೂಡಿಸಿದೀನಿ. ಮೇಸ್ತ್ರಿ ನೋಡಿ, ಇದಕ್ಕಿಂತ ನಂಗೆ ಬರಲ್ಲ ಕಣೋ ಅಂದಿದ್ರು."

ನಂಟು ಬೇಕೆಂದಿದ್ದಳಲ್ಲ ಮಗಳು! ಇದಕ್ಕಿಂತ ಹತ್ತಿರದ ನಂಟು ಯಾವುದು? ಊರಲ್ಲಿ ಬೇರೆ ಯಾವ ಅಭ್ಯರ್ಥಿಗೆ ಇದೆ? ಹಲ್ಲಪ್ಪನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಪುಟದ ಅಡಿಯಲ್ಲಿದ್ದ ವಿಳಾಸಕ್ಕೆ ಆಗಿಂದಾಗಲೇ ಬರೆದು ಕಳಿಸಿಬಿಟ್ಟ:

'ಮಾನ್ಯ ಪ್ರೊಫೆಸರ್ ಮೇಡಂ ಅವರಿಗೆ, ನಾನು ತಮ್ಮನ್ನು ಆರು ವರ್ಷಗಳಿಂದ ಬಲ್ಲೆ. ತಾವು ನನ್ನನ್ನು ನೋಡಿಲ್ಲ. ತಮ್ಮ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ನಾನು ಮಾಡಿದ್ದು. ತಾವು ಬಲಗಡೆಯೇ ಹೆಚ್ಚು ಅಗಿಯುತ್ತೀರಿ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ, ಮನಸ್ಸಿಗೆ ಏನೋ ಭಾರವಿರಬೇಕು. ಫೋಟೋದಲ್ಲಿ ಹಲ್ಲು ಚೆನ್ನಾಗಿ ಕೂತಿರುವುದು ನೋಡಿ ಸಂತೋಷವಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಈಗ ನನಗೆ ತಮ್ಮಿಂದ ಒಂದು ಸಹಿ ಬೇಕಾಗಿದೆ.'

ಮಧ್ಯಾಹ್ನ ಮಗಳು ಊಟಕ್ಕೆ ಬಂದಾಗ ಅವನು ಪರೀಕ್ಷೆಯಲ್ಲಿ ಮೊದಲು ಬಂದವನ ಹಾಗೆ ಅದನ್ನು ತೋರಿಸಿದ. ಅವಳು ಓದಿದಳು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಕಳಿಸಿಬಿಟ್ಯಾ?"

"ಹೂಂ, ಬೆಳಿಗ್ಗೇನೇ."

"ಅಪ್ಪ, ಇದು ಅರ್ಜಿ ಅಲ್ಲ. ನಿಮ್ಮ ಗುಟ್ಟು ನನ್ ಹತ್ರ ಇದೆ, ಬಾಯ್ಮುಚ್ಕೊಂಡು ಸಹಿ ಹಾಕಿ ಅಂತ ಹೆದರಿಸಿದ ಹಾಗಿದೆ." ಅವಳು ಮತ್ತೆ ತೆರೆ ನೋಡಿದಳು. "ಮತ್ತೆ ಈ ವಿಳಾಸ ಅವರದಲ್ಲ. ವಿಭಾಗದ್ದು. ಆಫೀಸಲ್ಲಿ ಎಲ್ಲರೂ ತೆರೀತಾರೆ."

ಹೆಂಡತಿ ನಗಲು ಬಾಯಿ ತೆರೆದವಳು ಗಂಡನ ಮುಖ ನೋಡಿ ಹಾಗೆಯೇ ಮುಚ್ಚಿಕೊಂಡಳು. ಹಲ್ಲಪ್ಪ ಆ ಸಾಲುಗಳನ್ನು ಇನ್ನೊಮ್ಮೆ ಓದಿದ, ಈ ಸಲ ಇನ್ನೊಬ್ಬರ ಕಣ್ಣಿನಿಂದ. ಅವನ ಕಿವಿ ಕೆಂಪಾಯಿತು. ಆಮೇಲೆ ಮುಖವೆಲ್ಲ ಬಿಳಿಚಿಕೊಂಡಿತು.

ಮಂಗಳವಾರ ಡಾಕ್ಟರು ಅವನನ್ನು ಮೇಲಕ್ಕೆ ಕರೆಸಿದರು. ರೋಗಿಗಳು ಮಲಗುವ ಆ ಎತ್ತರದ ಕುರ್ಚಿಯ ಪಕ್ಕದಲ್ಲಿ ಅವನು ಚಪ್ಪಲಿ ಬಿಟ್ಟು ನಿಂತ. ಡಾಕ್ಟರು ಕೂಗಾಡುವವರಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಅವರು ಫೋನ್ ಮಾಡಿದ್ರು. ನಿನ್ನ ಕಾಗದನ ಗುಮಾಸ್ತ ಪ್ರಿಂಟ್ ತೆಗೆದು ಅವರ ಮೇಜಿನ ಮೇಲೆ ಇಟ್ಟಿದ್ನಂತೆ. ಅಷ್ಟರಲ್ಲಿ ಆಫೀಸಲ್ಲಿ ಎಲ್ಲರೂ ಓದಿಯಾಗಿತ್ತು."

"ಡಾಕ್ಟ್ರೇ, ನಾನು..."

"ರೋಗಿ ನನ್ ಮುಂದೆ ಬಾಯಿ ತೆರೆಯೋದು ನಂಬಿಕೆ ಮೇಲೆ. ಒಳಗಿರೋದು ಹೊರಗೆ ಹೋಗಬಾರ್ದು. ಮೂವತ್ತು ವರ್ಷದಲ್ಲಿ ಇಂಥದ್ದು ಆಗಿರ್ಲಿಲ್ಲ." ಅವರು ಕೈಗವಸು ಕಳಚಿ ಬುಟ್ಟಿಗೆ ಹಾಕಿದರು. "ಅವರು ಬೈಲಿಲ್ಲ ಗೊತ್ತಾ? ಒಂದೇ ಮಾತು ಕೇಳಿದ್ರು. 'ಇನ್ನೂ ಯಾರ್ಯಾರಿಗೆ ಗೊತ್ತು?' ಅಂತ. ಧ್ವನಿ ನಡುಗ್ತಾ ಇತ್ತು."

ಹಲ್ಲಪ್ಪ ತಲೆ ಎತ್ತಲಿಲ್ಲ.

"ಕೆಲಸದಿಂದ ತೆಗೆಯಲ್ಲ. ನಿನ್ನ ಕೈ ನಂಗೆ ಬೇಕು. ಆದ್ರೆ ಕಪಾಟಿನಲ್ಲಿರೋ ಹೆಸರೆಲ್ಲ ಇವತ್ತೇ ಅಳಿಸು. ಇನ್ಮೇಲೆ ನಂಬರು ಮಾತ್ರ."

ಹದಿನಾಲ್ಕು ಮೆಟ್ಟಿಲು ಇಳಿದು ಬಂದು ಹಲ್ಲಪ್ಪ ರಬ್ಬರು ಹಿಡಿದು ಕೂತ. ಬ್ಯಾಂಕಿನ ಮ್ಯಾನೇಜರು ಅಳಿಸಿಹೋದರು. ಪುರಸಭಾ ಸದಸ್ಯರು ಮೂರನೆಯ ಸಲ ಸೋತರು. ನಡುಗುವ ಧ್ವನಿಯೊಂದು 'ಇನ್ನೂ ಯಾರ್ಯಾರಿಗೆ?' ಎಂದು ಕೇಳುತ್ತಲೇ ಇತ್ತು. ಇಷ್ಟು ವರ್ಷ ಈ ಬಾಯಿಗಳನ್ನು ಅಂಗೈಯಲ್ಲಿಟ್ಟುಕೊಂಡು ಜನರನ್ನು ತಿಳಿದೆನೆಂದು ಬೀಗಿದ್ದನಲ್ಲ. ಮುಂದಿನ ನಾಲ್ಕು ಹಲ್ಲು ಒಮ್ಮೆಗೇ ಯಾಕೆ ಹೋಗುತ್ತವೆ, ಒಬ್ಬ ಹೆಂಗಸು ಅದನ್ನು ಮೊದಲಿದ್ದ ಹಾಗೇ ಮಾಡಿಸಿಕೊಂಡು ಯಾಕೆ ಬಚ್ಚಿಡುತ್ತಾಳೆ ಎಂದು ಆರು ವರ್ಷದಲ್ಲಿ ಒಮ್ಮೆಯೂ ಅವನಿಗೆ ಅನ್ನಿಸಿರಲಿಲ್ಲ. ಓರೆ ಚೆನ್ನಾಗಿ ಬಂದಿದೆ ಎಂದು ಮಾತ್ರ ಅನ್ನಿಸಿತ್ತು.

ಮಗಳು ತಾನೇ ಕ್ಷಮಾಪಣೆ ಬರೆದುಕೊಡುತ್ತೇನೆಂದಳು. ಅವನು ಬೇಡವೆಂದ. ಈ ಸಲ ಕೈಯಲ್ಲೇ ಬರೆದ. ಲಕೋಟೆಗೆ ಅಂಟು ಹಚ್ಚಿ, ಮೇಲೆ ಅವರ ಹೆಸರು ಬರೆದು, ಅದರ ಪಕ್ಕ 'ಅವರೇ ತೆರೆಯತಕ್ಕದ್ದು' ಎಂದು ಸೇರಿಸಿದ. ಒಳಗಿದ್ದದ್ದು ಇಷ್ಟು:

'ಮೇಡಂ, ತಪ್ಪಾಯಿತು. ನಮ್ಮ ಕೋಣೆಯಲ್ಲಿ ನಾವು ಮನುಷ್ಯರನ್ನು ಹಾಗೆಯೇ ಗುರುತು ಹಿಡಿಯುತ್ತೇವೆ. ಹೊರಗೆ ಹಾಗೆ ಮಾತಾಡಬಾರದೆಂದು ತಿಳಿಯಲಿಲ್ಲ. ಯಾರಿಗೆ ಗೊತ್ತೆಂದು ಕೇಳಿದಿರಂತೆ. ಡಾಕ್ಟರಿಗೆ, ನನಗೆ. ನನ್ನ ಹೆಂಡತಿಗೂ ಮಗಳಿಗೂ ನಾನು ಬಾಯಿಬಿಟ್ಟೆ, ಅದೂ ತಪ್ಪು. ನಮ್ಮ ಮೇಸ್ತ್ರಿಗೆ ಗೊತ್ತಿತ್ತು, ಅವರು ಧೂಳಿನ ಕೆಮ್ಮಿನಿಂದ ಹೋದರು. ನಿಮ್ಮ ಆಫೀಸಿನವರಿಗೆ ಗೊತ್ತಾದದ್ದು ನನ್ನಿಂದ. ಸಹಿ ಬೇಡ. ನಿಮ್ಮ ಲೇಖನ ಓದಿದೆ. ಅದರಲ್ಲಿ ಒಂದು ಬಿಟ್ಟುಹೋಗಿದೆ ಅನ್ನಿಸಿತು, ಹೇಳಿಬಿಡುತ್ತೇನೆ. ಹಲ್ಲು ಉಜ್ಜುವಾಗ ಎಷ್ಟು ಧೂಳೆಂದು ಅಳೆದಿದ್ದೀರಿ. ಉಜ್ಜುವಾಗ ನಾವು ಮುಖಕ್ಕೆ ಬಟ್ಟೆ ಕಟ್ಟಿರುತ್ತೇವೆ. ಉಜ್ಜಿದ ಮೇಲೆ ಬಟ್ಟೆ ಇಳಿಸಿ, ಅಂಚು ನೋಡಲು ಹತ್ತಿರ ಹಿಡಿದು ಊದುತ್ತೇವೆ. ಊದುವಾಗ ನೀವು ಅಳೆದಿಲ್ಲ. ಈ ಕಸುಬಿನಲ್ಲಿ ಊದದವರು ಯಾರೂ ಇಲ್ಲ.'

ಅಂಚೆಗೆ ಹಾಕಿ ಬಂದ ಮೇಲೆ ಅವನು ಕಾಲೇಜಿನ ಮಾತು ಎತ್ತಲಿಲ್ಲ. ಹೆಂಡತಿ ಒಂದೆರಡು ಸಲ ಕೆಣಕಿ ನೋಡಿದಳು. ಅವನು ತಿರುಗಿ ಮಾತಾಡದಿದ್ದಾಗ ಅವಳಿಗೇ ಇರುಸುಮುರುಸಾಯಿತು. ಕ್ಯಾಲೆಂಡರಿನಲ್ಲಿ ಹನ್ನೊಂದು ದಿನ ಉಳಿದಿತ್ತು.

ಆರನೆಯ ದಿನ ಮಗಳ ಲ್ಯಾಪ್‌ಟಾಪಿಗೆ ಎರಡು ಸಾಲು ಬಂತು. 'ಊದುವ ವಿಷಯ ಕಾಗದದಲ್ಲಿ ಸಾಲದು. ಗುರುವಾರ ಹನ್ನೊಂದಕ್ಕೆ ಬನ್ನಿ, ಪುಡಿಯ ಡಬ್ಬಿ ಮತ್ತು ನಿಮ್ಮ ಉಪಕರಣ ತನ್ನಿ.'

ಮದುವೆಗೆ ಹೊಲಿಸಿದ್ದ ಕೋಟು ಹೊಟ್ಟೆಯ ಮೇಲೆ ಗುಂಡಿ ಹಾಕಲು ಒಪ್ಪಲಿಲ್ಲ. ಗುಂಡಿ ಬಿಟ್ಟೇ ಹಲ್ಲಪ್ಪ ಹೊರಟ. ಪ್ರೊಫೆಸರ್ ಮೇಡಂ ಅವರ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಬಾಗಿಲ ಮುಂದೆ ಏದುಸಿರು ಇಳಿಸಿಕೊಳ್ಳುತ್ತ ನಿಂತಾಗ ಒಳಗಿನಿಂದಲೇ ಅವರು ಕೇಳಿಸಿಕೊಂಡಿದ್ದರೆಂದು ತೋರುತ್ತದೆ. "ಬನ್ನಿ, ಬಾಗಿಲು ತೆರೆದೇ ಇದೆ" ಎಂದರು.

ಹಲ್ಲಪ್ಪ ಒಳಗೆ ಹೋಗಿ ನೆಲ ನೋಡುತ್ತ ನಿಂತ. ಬಾಯಿ ನೋಡದೆ ಮನುಷ್ಯರ ಜೊತೆ ಮಾತಾಡುವುದು ಅವನಿಗೆ ರೂಢಿಯಿರಲಿಲ್ಲ. ನೆಲದಲ್ಲಿ ಎಷ್ಟು ಹಾಸುಗಲ್ಲು ಎಂದು ನೋಡಿಯಾಯಿತು.

"ಮುಖ ನೋಡಿ ಮಾತಾಡಿ."

ಅವನು ಬಲವಂತವಾಗಿ ಹಲ್ಲುಗಳನ್ನು ದಾಟಿ ಮೇಲೆ ಹೋದ. ಅಲ್ಲಿ ಎರಡು ಕಣ್ಣುಗಳಿದ್ದವು. ಅವು ನಿದ್ದೆಗೆಟ್ಟಿದ್ದವು, ಕೋಪಗೊಂಡಿದ್ದವು.

"ಆ ಹಲ್ಲು ಹೇಗೆ ಹೋಯ್ತು ಅಂತ ಇದುವರೆಗೆ ಯಾರಿಗೂ ಹೇಳಿಲ್ಲ. ನೀವೂ ಕೇಳ್ಬೇಡಿ."

"ಇಲ್ಲ ಮೇಡಂ."

"ನಾನು ಒಳಗೆ ಬಂದ ಕೂಡ್ಲೆ ಆಫೀಸಲ್ಲಿ ಈಗ ಮಾತು ನಿಲ್ಲುತ್ತೆ. ನಿಮ್ಮನ್ನ ನಾನು ಕ್ಷಮಿಸಿಲ್ಲ. ಕರೆದಿರೋದು ಧೂಳಿಗೋಸ್ಕರ."

"ಸರಿ ಮೇಡಂ."

ಪಕ್ಕದ ಪ್ರಯೋಗಾಲಯದಲ್ಲಿ ಅವರು ಕೈಯಗಲದ ಉಪಕರಣವೊಂದನ್ನು ಅವನ ಕೊರಳ ಪಟ್ಟಿಗೆ ಸಿಕ್ಕಿಸಿದರು. ಅದರ ಪುಟ್ಟ ತೆರೆಯ ಮೇಲೆ ಒಂದು ಅಂಕಿ. ಹಲ್ಲಪ್ಪ ಚೀಲ ಬಿಚ್ಚಿದ, ಕೈಯಂತ್ರ ತೆಗೆದ, ಬಟ್ಟೆ ಕಟ್ಟಿದ, ತಂದಿದ್ದ ಪಿಂಗಾಣಿ ಹಲ್ಲನ್ನು ಉಜ್ಜಿದ. ಅಂಕಿ ಮೇಲೇರಿತು. "ಇದು ನಂಗೆ ಗೊತ್ತಿರೋದೇ" ಎಂದರು ಮೇಡಂ. ಅವನು ಯಂತ್ರ ನಿಲ್ಲಿಸಿ, ಬಟ್ಟೆ ಗಲ್ಲಕ್ಕೆ ಜಾರಿಸಿ, ಹಲ್ಲನ್ನು ಕಣ್ಣಿನ ಹತ್ತಿರ ತಂದು ಉಫ್ ಎಂದ.

ಅಂಕಿ ನೆಗೆದ ಪರಿಗೆ ಮೇಡಂ ಒಂದು ಹೆಜ್ಜೆ ಮುಂದೆ ಬಂದರು. "ಮತ್ತೆ ಮಾಡಿ." ಮತ್ತೆ ಮಾಡಿದ. ಮತ್ತೆ ಅಷ್ಟೇ. ಅವರು ಬರೆದುಕೊಂಡರು, ಬರೆದದ್ದನ್ನೇ ಸ್ವಲ್ಪ ಹೊತ್ತು ನೋಡಿದರು. "ಇಪ್ಪತ್ತು ವರ್ಷ ಯಂತ್ರಗಳನ್ನ ಅಳೆದೆ. ಯಂತ್ರ ನಿಂತ ಮೇಲೆ ಅಳೆದೇ ಇರ್ಲಿಲ್ಲ" ಎಂದರು ಮೆಲ್ಲಗೆ, ತಮಗೇ ಎಂಬಂತೆ.

ಹಲ್ಲಪ್ಪ ಡಬ್ಬಿ ಮುಂದಿಟ್ಟ. "ಇದರಲ್ಲಿ ಏನಿದೆ ಮೇಡಂ?"

ಅವರು ಹೇಳಿದರು. ಮರಳಿನ ಜಾತಿಯ ಕಲ್ಲು, ಗಾಜು, ಒಂದೆರಡು ಲೋಹ. ಪ್ರತಿಯೊಂದೂ ಎದೆಯಲ್ಲಿ ಏನು ಮಾಡುತ್ತದೆ ಎಂದೂ ಹೇಳಿದರು. ಐದು ನಿಮಿಷ ಹಿಡಿಯಲಿಲ್ಲ. ಮೂವತ್ತೈದು ವರ್ಷ ಒಬ್ಬ ಮನುಷ್ಯನಿಗೆ ಸಿಗದಿದ್ದ ಉತ್ತರ ಇಷ್ಟು ಚಿಕ್ಕದಾಗಿತ್ತು.

"ಊದದೇ ಇದ್ದಿದ್ರೆ ನಮ್ಮ ಮೇಸ್ತ್ರಿ ಇರ್ತಿದ್ರಾ?"

"ಸಮಾಧಾನ ಹೇಳ್ಲಾ, ನಿಜ ಹೇಳ್ಲಾ?"

"ನಿಜ."

"ಇನ್ನೂ ಬಹಳ ವರ್ಷ ಇರ್ತಿದ್ರು."

ಹಲ್ಲಪ್ಪ ಹಲ್ಲನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟ. ಎರಡನೆಯ ಪ್ರಯತ್ನಕ್ಕೆ ಜೇಬು ಸಿಕ್ಕಿತು. ಊದುವುದನ್ನು ಮೇಸ್ತ್ರಿಗೆ ಅವರ ಮೇಸ್ತ್ರಿ ಕಲಿಸಿರಬೇಕು, ಅವರಿಗೆ ಇನ್ನೊಬ್ಬರು. ಎಲ್ಲರೂ ಪ್ರೀತಿಯಿಂದಲೇ ಕಲಿಸಿದ್ದು.

"ನಿಮ್ಮ ಎದೆಯ ಎಕ್ಸ್‌ರೇ ಆಗಿದೆಯಾ?" ಎಂದರು ಮೇಡಂ.

"ಇಲ್ಲ."

"ಯಾಕೆ?"

ಅವನು ಕೈಯಂತ್ರವನ್ನು ಚೀಲಕ್ಕೆ ತುರುಕತೊಡಗಿದ.

"ಅದನ್ನ ತಗೊಂಡು ಬನ್ನಿ. ನಮೂನೇನೂ ತನ್ನಿ. ಅದಿಲ್ದೆ ಇದಿಲ್ಲ. ನನ್ನ ವಿದ್ಯಾರ್ಥಿ ಅಂತ ಸೇರಿಸ್ಕೊಂಡ್ರೆ ಓದು ಮುಗಿಯೋವರೆಗೂ ಇರ್ಬೇಕು ನೋಡಿ."

ಮಾರನೆಯ ದಿನವೇ ಹೆಂಡತಿ ಟಿಕೆಟ್ ಕಿಂಡಿಗೆ ರಜೆ ಹಾಕಿ ಜೊತೆಗೆ ಬಂದಳು. ತಣ್ಣನೆಯ ಹಲಗೆಗೆ ಅವನು ಬರಿಯ ಎದೆ ಒತ್ತಿ ನಿಂತ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದಿತು ಗೋಡೆಯಾಚೆಯ ಧ್ವನಿ. ಹಿಡಿದುಕೊಂಡ. ಸಂಜೆಗೆ ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ಮೇಲುಭಾಗದಲ್ಲಿ ಅಲ್ಲಲ್ಲಿ ಚೆಲ್ಲಿದ ಸಣ್ಣ ಚುಕ್ಕೆಗಳನ್ನು ತೋರಿಸಿದರು. ಶುರುವಾಗಿದೆ. ಹಿಂದಕ್ಕೆ ಹೋಗುವುದಿಲ್ಲ. ಧೂಳು ಇವತ್ತೇ ಬಿಟ್ಟರೆ ಬಹುಶಃ ಅಲ್ಲಿಗೇ ನಿಂತೀತು, ನಿಲ್ಲದೆಯೂ ಇರಬಹುದು; ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.

ಮನೆಯವರೆಗೂ ಹೆಂಡತಿ ಆ ದೊಡ್ಡ ಲಕೋಟೆಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ನಡೆದಳು. ಬೀದಿಯ ತಿರುವಿನಲ್ಲಿ ನಿಂತು, ಅವನ ಕಡೆ ನೋಡದೆ ಹೇಳಿದಳು: "ಕಾಲೇಜಿಗೆ ಹೋಗ್ರೀ. ಡಬ್ಬಿ ನಾನು ಕಟ್ತೀನಿ."

"ಸಂಸಾರ ಹೇಗೆ ಕಣೇ?"

"ಮೇಣದಲ್ಲಿ ಹಲ್ಲಿನ ಮಾದರಿ ಮಾಡೋ ಕೆಲ್ಸ ಅರ್ಧ ದಿನ ಮಾಡಿ. ಮೇಣಕ್ಕೆ ಧೂಳಿಲ್ಲ. ಡಾಕ್ಟ್ರನ್ನ ನಾನೇ ಮಾತಾಡಿಸ್ತೀನಿ. ಇಲ್ಲ ಅನ್ಲಿ ನೋಡೋಣ." ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ತಲೆ ಮಾತ್ರ ನೀವೇ ಬಾಚ್ಕೊಳ್ಳಿ" ಎಂದಳು. ನಗಲು ಹೋದ ಇಬ್ಬರಿಗೂ ನಗು ಪೂರ್ತಿ ಬರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಮೇಡಂ ಫಿಲ್ಮನ್ನು ಕಿಟಕಿಯ ಗಾಜಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಮೂನೆ ಎಳೆದುಕೊಂಡು ತುಂಬತೊಡಗಿದರು. ಹೆಸರು, ವಿಭಾಗ, ದಿನಾಂಕ. ಒಂದು ಕಡೆ ಪೆನ್ನು ನಿಂತಿತು. ಅಲ್ಲಿ ಅಚ್ಚಾಗಿದ್ದದ್ದು: 'ಅಭ್ಯರ್ಥಿಯನ್ನು ತಾವು ಹೇಗೆ ಬಲ್ಲಿರಿ?'

ಹಲ್ಲಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತ. ಇಲ್ಲಿಂದ ಜನ ತಲೆಯಿಂದ ಪಾದದವರೆಗೆ ಪೂರ್ತಿ ಕಾಣುತ್ತಿದ್ದರು. ಹಿಂದೆ ಪೆನ್ನಿನ ಸದ್ದು ಮತ್ತೆ ಶುರುವಾಗಿ, ಬೇಗನೆ ಮುಗಿಯಿತು.

"ಮೊದಲ ವರ್ಷ ಗಣಿತ ಇದೆ. ತಪ್ಪಿದ್ರೆ ನಾನು ಬಿಡಲ್ಲ" ಎಂದು ಅವರು ಹಾಳೆ ಚಾಚಿದರು.

ಕೋಣೆಯ ಹೊರಗೆ, ಗೋಡೆಗೆ ಒರಗಿ ನಿಂತು ಅವನು ಓದಿದ. ಆ ಪ್ರಶ್ನೆಯ ಮುಂದೆ ಮೂರೇ ಪದ ಇದ್ದವು: 'ಅವರ ಕೆಲಸದ ಮೂಲಕ.'

ಪ್ರವೇಶದ ಕಿಂಡಿ ಮುಚ್ಚಲು ಅರ್ಧ ಗಂಟೆಯಿತ್ತು. ಸಾಲಿನಲ್ಲಿ ಹುಡುಗ ಹುಡುಗಿಯರು, ಅವರ ಜೊತೆ ಬಂದ ತಂದೆತಾಯಿಗಳು. ಗುಂಡಿ ಬಿಟ್ಟ ಕೋಟಿನ ಹಲ್ಲಪ್ಪ ನಿಧಾನವಾಗಿ ಮುಂದೆ ಸರಿದು ಹಾಳೆಗಳನ್ನು ಒಳಗೆ ತಳ್ಳಿದ. ಗುಮಾಸ್ತ ತಲೆಯೆತ್ತದೆ ಅಂದ: "ಅಪ್ಪಂದಿರು ಬಂದ್ರೆ ಆಗಲ್ಲ ರೀ. ಅಭ್ಯರ್ಥಿ ಬರ್ಬೇಕು."

ಹಲ್ಲಪ್ಪ ಒಂದು ಕ್ಷಣ ತಾನೇ ಹಿಂದೆ ತಿರುಗಿ ನೋಡಿದ, ಯಾರಾದರೂ ನಿಂತಿದ್ದಾರೇನೋ ಎಂಬಂತೆ. ಆಮೇಲೆ ಕಿಂಡಿಗೆ ಬಾಗಿದ.

"ಬಂದಿದಾನೆ ಸ್ವಾಮಿ. ತಗೊಳ್ಳಿ."